ಹತ್ತು ವರ್ಷ ದುಡಿದ ಅಪ್ಪನಿಗೆ "ರಾಜೀನಾಮೆ ಬರ್ದುಕೊಡಿ" ಅಂತಿದಾರೆ. ಸಹಿ ಹಾಕಬೇಕಾ?

ಪೀಣ್ಯ_ಲೇತ್ | 17 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಅಪ್ಪನ ಪರವಾಗಿ ಕೇಳ್ತಿದೀನಿ. ಅವರು ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಲೇತ್ ಆಪರೇಟರ್. 2014ರ ನವೆಂಬರ್ ಮೊದಲ ವಾರ ಸೇರಿದ್ದು. ಈಗ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,200, ಉಳಿದ ಭತ್ಯೆ 4,200, ಒಟ್ಟು 22,400. ಆಗಸ್ಟ್ 14ಕ್ಕೆ ಮಾಲೀಕರು ಕರೆದು "ಆರ್ಡರ್ ಇಲ್ಲ, ನಾಳೆಯಿಂದ ಬರೋದು ಬೇಡ. ರಾಜೀನಾಮೆ ಬರ್ದುಕೊಟ್ರೆ 50 ಸಾವಿರ ಕೊಡ್ತೀನಿ" ಅಂದಿದಾರೆ. ಟೈಪ್ ಮಾಡಿದ ಒಂದು ಹಾಳೆ, ಜೊತೆಗೆ ಮೊತ್ತ ತುಂಬದ ಒಂದು ವೋಚರ್. ಎರಡಕ್ಕೂ ಸಹಿ ಬೇಕಂತೆ. ಅಪ್ಪ "ಮನೇಲಿ ಕೇಳಿ ಹೇಳ್ತೀನಿ" ಅಂತ ವಾಪಸ್ ಬಂದಿದಾರೆ.

ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡೋ ದುಡ್ಡು) ಕೇಳಿದ್ದಕ್ಕೆ "ಈಗ ಇರೋದೇ ಎಂಟು ಜನ, ಹತ್ತು ಜನ ಇಲ್ಲದ ಕಡೆ ಗ್ರಾಚ್ಯುಟಿ ಬರಲ್ಲ. ಅಲ್ಲದೆ ನೀನು ಸೇರಿದ್ದೇ 2019ಕ್ಕೆ" ಅಂದರಂತೆ. ನೇಮಕಾತಿ ಪತ್ರ ಯಾವತ್ತೂ ಕೊಟ್ಟಿಲ್ಲ. ಪಿಎಫ್ ಪಾಸ್‌ಬುಕ್ ಕೂಡ 2019ರಿಂದಲೇ ಇದೆ. ಮೊದಲು ಅಲ್ಲಿ ಎರಡು ಶಿಫ್ಟ್ ಸೇರಿ ಮೂವತ್ತರ ಹತ್ತಿರ ಜನ ಇದ್ರು, ಅದು ಅಪ್ಪನಿಗೆ ಚೆನ್ನಾಗಿ ಗೊತ್ತು. ಅಪ್ಪನಿಗೆ 54 ವರ್ಷ. ಅಮ್ಮ "ಬಂದಷ್ಟು ಬರಲಿ, ಕೋರ್ಟು ಕಚೇರಿ ಬೇಡ" ಅಂತಾರೆ. ದಯವಿಟ್ಟು ದಾರಿ ಹೇಳಿ.

ಟೈಲರಕ್ಕ | 17 ಆಗಸ್ಟ್

ಸಹಿ ಹಾಕಿಸಬೇಡಪ್ಪ. ವಕೀಲರು ಏನು ಹೇಳ್ತಾರೋ ಆಮೇಲೆ ನೋಡೋಣ, ಮೊದಲು ಅಪ್ಪನ ಕೈಯಿಂದ ಒಂದು ಗೀಟೂ ಎಳೆಸಬೇಡ. ನಮ್ಮ ಗಾರ್ಮೆಂಟ್ಸ್ ಲೈನಲ್ಲಿ ಎಷ್ಟೋ ಹೆಣ್ಮಕ್ಕಳು ಖಾಲಿ ಹಾಳೆಗೆ ಸಹಿ ಹಾಕಿ ಆಮೇಲೆ ಗೇಟ್ ಹತ್ರ ಅತ್ತಿದ್ದು ನೋಡಿದೀನಿ.

ವಕೀಲ_ತುಮಕೂರು | 18 ಆಗಸ್ಟ್

ಟೈಲರಕ್ಕ ಹೇಳಿದ್ದು ಸರಿ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ಇದು ಒಬ್ಬರ ಮನೆಯ ಕಥೆಯಲ್ಲ, ವಾರಕ್ಕೊಮ್ಮೆಯಾದರೂ ಯಾರಾದರೂ ಇದೇ ಹಾಳೆ ಹಿಡಿದು ಬರುತ್ತಾರೆ.

ಮಾಲೀಕರು ಕೆಲಸದಿಂದ ತೆಗೆದರೆ ಕಾನೂನಿನಲ್ಲಿ ಅದಕ್ಕೆ ರಿಟ್ರೆಂಚ್‌ಮೆಂಟ್ ಎನ್ನುತ್ತಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 25ಎಫ್ ಪ್ರಕಾರ, ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಪರಿಹಾರ ಕೊಡಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷ ಎಂದೇ ಲೆಕ್ಕ. ಈ ಹಣವನ್ನು ತೆಗೆಯುವ ಹೊತ್ತಿಗೇ ಕೊಡಬೇಕು, ಆಮೇಲೆ ಕೊಡುತ್ತೇನೆ ಎಂದರೆ ನಡೆಯದು. ಕೊಡದೆ ತೆಗೆದರೆ ಆ ಆದೇಶವೇ ಅಸಿಂಧು. ಆದರೆ ನಿಮ್ಮ ತಂದೆ ರಾಜೀನಾಮೆಗೆ ಸಹಿ ಹಾಕಿದ ಕ್ಷಣ ಇದ್ಯಾವುದೂ ಉಳಿಯುವುದಿಲ್ಲ. "ನಾನು ತೆಗೆದಿಲ್ಲ, ಅವರೇ ಬಿಟ್ಟರು" ಎಂದು ಹೇಳಲು ಆ ಒಂದು ಹಾಳೆ ಸಾಕು. 50 ಸಾವಿರ ಕೊಡುತ್ತಿರುವುದು ಆ ಹಾಳೆಯ ಬೆಲೆ.

ಈಗ ಲೆಕ್ಕ. ಸೇವೆ 10 ವರ್ಷ 9 ತಿಂಗಳು. ಆರು ತಿಂಗಳು ದಾಟಿದ್ದರಿಂದ 11 ವರ್ಷ. ಪರಿಹಾರಕ್ಕೆ ಪೂರ್ತಿ ಸಂಬಳದ ಅರ್ಧ, ಅಂದರೆ 11,200, ಅದು 11 ವರ್ಷಕ್ಕೆ 1,23,200. ನೋಟಿಸ್ ಸಂಬಳ 22,400. ಗ್ರಾಚ್ಯುಟಿ ಬೇರೆ: ಅದಕ್ಕೆ ಬೇಸಿಕ್ ಮತ್ತು ಡಿಎ ಮಾತ್ರ, 26ರಿಂದ ಭಾಗಿಸಬೇಕು. 18,200 ಭಾಗಿಸು 26 ಎಂದರೆ ದಿನಕ್ಕೆ 700, 15 ದಿನಕ್ಕೆ 10,500, 11 ವರ್ಷಕ್ಕೆ 1,15,500. ಮೂರೂ ಕೂಡಿದರೆ 2,61,100. ಆಗಸ್ಟ್‌ನ ಬಾಕಿ ದಿನಗಳ ಸಂಬಳ, ಉಳಿದ ಗಳಿಕೆ ರಜೆಯ ಹಣ, ಬೋನಸ್ ಇದರ ಮೇಲೆ. ಅಮ್ಮನಿಗೆ ಈ ಅಂಕಿಗಳನ್ನು ಕೂರಿಸಿ ತೋರಿಸಿ.

"ಎಂಟೇ ಜನ" ಎಂಬ ಮಾತು ನಿಲ್ಲುವುದಿಲ್ಲ. ಗ್ರಾಚ್ಯುಟಿ ಕಾಯ್ದೆ ಒಮ್ಮೆ ಒಂದು ಸಂಸ್ಥೆಗೆ ಅನ್ವಯವಾದರೆ, ಆಮೇಲೆ ಜನ ಹತ್ತಕ್ಕಿಂತ ಕಡಿಮೆಯಾದರೂ ಅನ್ವಯವಾಗುತ್ತಲೇ ಇರುತ್ತದೆ. ಕಲಂ 1(3ಎ) ನೋಡಿ. 20 ಜನಕ್ಕೆ ಅನ್ವಯವಾಗುವ ಪಿಎಫ್ ಕಾಯ್ದೆಯೂ ಹಾಗೆಯೇ. ಇನ್ನು ಪರಿಹಾರ ಕೊಡಿ ಎನ್ನುವ 25ಎಫ್‌ಗೆ ಇಷ್ಟು ಜನ ಇರಬೇಕು ಎಂಬ ಷರತ್ತೇ ಇಲ್ಲ.

ಪೀಣ್ಯ_ಲೇತ್ | 18 ಆಗಸ್ಟ್

ಸರ್, ತುಂಬಾ ಧನ್ಯವಾದ. ಆದ್ರೆ 2014ಕ್ಕೇ ಸೇರಿದ್ರು ಅಂತ ತೋರಿಸೋಕೆ ನಮ್ಮ ಹತ್ರ ಏನೂ ಇಲ್ಲ. ಆಗ ಸಂಬಳ 11 ಸಾವಿರ, ಕೈಗೇ ಕೊಡ್ತಿದ್ರು.

ವಕೀಲ_ತುಮಕೂರು | 18 ಆಗಸ್ಟ್

11 ಸಾವಿರ ಸಂಬಳ ಇದ್ದಾಗ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಇರಲೇಬೇಕಲ್ಲ. ಮನೆಯಲ್ಲಿ ಹಳೆಯ ಇಎಸ್‌ಐ ಕಾರ್ಡ್ ಹುಡುಕಿ.

ಪೀಣ್ಯ_ಲೇತ್ | 19 ಆಗಸ್ಟ್

ಸಿಕ್ಕಿತು! ಅಮ್ಮ ಆಸ್ಪತ್ರೆ ಚೀಟಿಗಳ ಜೊತೆ ಎತ್ತಿಟ್ಟಿದ್ರು. ತಂಗಿ ಹೆರಿಗೆ ವಿಚಾರಕ್ಕೆ ಇಎಸ್‌ಐ ಆಸ್ಪತ್ರೆಗೆ ಓಡಾಡಿದ ಕಾಲದ್ದು. ಸಂಸ್ಥೆಯ ಕೋಡ್ ಇದೆ, ನೇಮಕದ ದಿನಾಂಕ ನವೆಂಬರ್ 2014 ಅಂತ ಪ್ರಿಂಟ್ ಆಗಿದೆ.

ವಕೀಲ_ತುಮಕೂರು | 19 ಆಗಸ್ಟ್

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆ ವಿವರವನ್ನು ಇಎಸ್‌ಐ ನಿಗಮಕ್ಕೆ ಕೊಟ್ಟವರು ಮಾಲೀಕರೇ. ಈಗ ಇಲ್ಲ ಎನ್ನಲು ಬರುವುದಿಲ್ಲ. ಫೋಟೋ ತೆಗೆದು ಇಡಿ, ಮೂಲ ಕಾರ್ಡನ್ನು ಯಾರ ಕೈಗೂ ಕೊಡಬೇಡಿ.

ಇನ್ನೊಂದು ಕೆಲಸ ಇವತ್ತೇ ಆಗಬೇಕು. ಮಾಲೀಕರು ಮುಂದೆ ಹೇಳುವ ಮಾತು ನನಗೆ ಈಗಲೇ ಗೊತ್ತು: "ನಾನು ಬೇಡ ಅಂದಿಲ್ಲ, ಅವರೇ ಬರೋದು ನಿಲ್ಲಿಸಿದ್ರು." ಅದಕ್ಕೆ ಅವಕಾಶ ಕೊಡಬೇಡಿ. ಕನ್ನಡದಲ್ಲೇ ಅರ್ಧ ಪುಟದ ಪತ್ರ ಬರೆಯಿರಿ: ಇಂಥ ದಿನ ಬರಬೇಡಿ ಎಂದಿರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಇಂದಿಗೂ ಕೆಲಸಕ್ಕೆ ಸಿದ್ಧನಿದ್ದೇನೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಅದನ್ನೇ ವಾಟ್ಸಾಪ್‌ನಲ್ಲೂ ಹಾಕಿ.

ಎಚ್ಆರ್_ಅನುಭವ | 20 ಆಗಸ್ಟ್

ನಾನು ಸಣ್ಣ ಕಂಪನಿಗಳ ಎಚ್ಆರ್ ಕೆಲಸ ನೋಡಿಕೊಳ್ಳುವವನು. ಬೇರೆ ಮಾತು ಹೇಳ್ತೀನಿ, ಬೇಸರ ಬೇಡ. ಕಾಗದದ ಮೇಲೆ 2.6 ಲಕ್ಷ ಸರಿ. ಕಾರ್ಮಿಕ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆಯುತ್ತೆ, ಅಲ್ಲಿ ಗೆದ್ದರೆ ಹೈಕೋರ್ಟು. ಅಷ್ಟರಲ್ಲಿ ಆ ಶಾಪು ಇರುತ್ತೋ ಇಲ್ಲವೋ. 54 ವರ್ಷದ ಮನುಷ್ಯನಿಗೆ ಇವತ್ತಿನ ದುಡ್ಡು ಮುಖ್ಯ, ಇನ್ನೊಂದು ಕಡೆ ಸೇರೋಕೆ ಒಳ್ಳೆ ಮಾತಿನ ಪತ್ರ ಮುಖ್ಯ. ಕೂತು ಮಾತಾಡಿ ಒಂದೂವರೆ ಲಕ್ಷಕ್ಕೆ ಮುಗಿಸಿಕೊಳ್ಳೋದು ಜಾಣತನ.

ವಕೀಲ_ತುಮಕೂರು | 20 ಆಗಸ್ಟ್

ರಾಜಿ ಬೇಡ ಎಂದು ನಾನೂ ಹೇಳುವುದಿಲ್ಲ. ವಿಳಂಬದ ಬಗ್ಗೆ ನೀವು ಹೇಳಿದ್ದು ನಿಜ, ಅದನ್ನು ಮುಚ್ಚಿಟ್ಟು ಕಕ್ಷಿದಾರನಿಗೆ ಆಸೆ ಹುಟ್ಟಿಸುವುದು ನನ್ನ ದೃಷ್ಟಿಯಲ್ಲಿ ಪಾಪ. ಆದರೆ ರಾಜಿ ಎಲ್ಲಿ ಆಗಬೇಕು ಎಂಬುದೇ ಪ್ರಶ್ನೆ. ಮಾಲೀಕರ ಟೇಬಲ್ ಮುಂದೆ, ಮೊತ್ತ ಬರೆಯದ ವೋಚರ್ ಮೇಲೆ ಆಗಬಾರದು. ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನಕ್ಕೆ ಅರ್ಜಿ ಹಾಕಿ, ಅಲ್ಲಿ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 12(3)ರ ಒಪ್ಪಂದವಾಗಿ ಬರೆಸಿಕೊಂಡರೆ ಅದಕ್ಕೆ ಕಾನೂನಿನ ಬಲ ಇರುತ್ತದೆ. ಅರ್ಜಿಗೆ ಶುಲ್ಕವಿಲ್ಲ, ಅಲ್ಲಿ ವಕೀಲರೂ ಬೇಕಿಲ್ಲ. ನಿಜ ಹೇಳಬೇಕೆಂದರೆ ಸಂಧಾನದ ಹಂತದಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ.

ಇನ್ನೊಂದು. ಗ್ರಾಚ್ಯುಟಿಯನ್ನು ಚೌಕಾಸಿಗೆ ಇಡಬೇಡಿ. ಗ್ರಾಚ್ಯುಟಿ ಕಾಯ್ದೆಯ ಕಲಂ 14ರ ಪ್ರಕಾರ ಯಾವ ಕರಾರೂ ಆ ಕಾಯ್ದೆಯನ್ನು ಮೀರುವಂತಿಲ್ಲ. "ಗ್ರಾಚ್ಯುಟಿ ಬಿಟ್ಟುಕೊಟ್ಟಿದ್ದೇನೆ" ಎಂದು ಬರೆಸಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಗ್ರಾಚ್ಯುಟಿ ಕೇಳುವ ಅರ್ಜಿಯಾದ ಫಾರಂ ಐ (I) ತುಂಬಿ ಮಾಲೀಕರಿಗೆ ಕಳಿಸಿ. 30 ದಿನದೊಳಗೆ ಕೊಡದಿದ್ದರೆ ಬಡ್ಡಿ ಸೇರುತ್ತದೆ. ಆಮೇಲೆ ದೂರಿನ ಅರ್ಜಿಯಾದ ಫಾರಂ ಎನ್ (N) ಹಿಡಿದು ನಿಯಂತ್ರಣ ಪ್ರಾಧಿಕಾರಿಯಾದ ಸಹಾಯಕ ಕಾರ್ಮಿಕ ಆಯುಕ್ತರ ಬಳಿ ಹೋಗಿ. ಇದು ವಿವಾದದ ಅರ್ಜಿಯಿಂದ ಪ್ರತ್ಯೇಕ, ಎರಡೂ ಒಟ್ಟಿಗೆ ನಡೆಯಬಹುದು. ಆದೇಶದ ಮೇಲೆ ಮಾಲೀಕರು ಮೇಲ್ಮನವಿ ಹೋಗಬೇಕಾದರೆ ಮೊದಲು ಪೂರ್ತಿ ಮೊತ್ತ ಠೇವಣಿ ಇಡಬೇಕು. ಕಾರ್ಮಿಕನಿಗೆ ಇಷ್ಟು ನೇರವಾದ ದಾರಿ ಬೇರೆ ಕಾಯ್ದೆಗಳಲ್ಲಿ ಅಪರೂಪ.

ಸಂಧಾನಕ್ಕೆ ಅರ್ಜಿ ಹಾಕಿ 45 ದಿನ ಕಳೆದರೂ ಆಗದಿದ್ದರೆ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 2ಎ ಅಡಿ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಕರ್ನಾಟಕದ ತಿದ್ದುಪಡಿ 10(4ಎ) ಇನ್ನೂ ಹತ್ತಿರದ ದಾರಿ: ಆರು ತಿಂಗಳೊಳಗಾದರೆ ಸಂಧಾನಕ್ಕೂ ಕಾಯಬೇಕಿಲ್ಲ. ಹಾಗಾಗಿ ಫೆಬ್ರವರಿ ಮಧ್ಯದ ಗಡುವು ನೆನಪಿಡಿ.

ಟೈಲರಕ್ಕ | 20 ಆಗಸ್ಟ್

ಎಚ್ಆರ್ ಸರ್, ಒಳ್ಳೆ ಮಾತಿನ ಪತ್ರ ಮುಖ್ಯ ಅಂದ್ರಿ. ನಮ್ಮಂಥವರಿಗೆ ಹೊಸ ಕೆಲಸ ಕೊಡೋರು ಯಂತ್ರದ ಮುಂದೆ ಕೂರಿಸಿ ಕೈ ನೋಡ್ತಾರೆ, ಪತ್ರ ನೋಡಲ್ಲ. ಇವರಪ್ಪನಿಗೂ ಅಷ್ಟೇ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋ ನಿಯಮ ಬದಲಾಯಿಸಿದಾಗ ಬೊಮ್ಮನಹಳ್ಳಿ, ಹೊಸೂರು ರೋಡಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಮಕ್ಕಳು ಬೀದಿಗೆ ಬಂದ್ರಲ್ಲ, ಅವರಲ್ಲಿ ನಾನೂ ಒಬ್ಬಳು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ಆದೇಶ ವಾಪಸ್ ತಗೊಳ್ತು. ನಮ್ಮ ದುಡ್ಡು ಅಂತ ಗೊತ್ತಿದ್ದಕ್ಕೇ ಅಷ್ಟು ಜನ ಎದ್ದಿದ್ದು. ಗ್ರಾಚ್ಯುಟಿ ಕೂಡ ನಿಮ್ಮಪ್ಪನ ದುಡ್ಡೇ, ಮಾಲೀಕರ ಉಪಕಾರ ಅಲ್ಲ.

ಖರ್ಚಿನ ಭಯ ಇದ್ರೆ 15100ಕ್ಕೆ ಫೋನ್ ಮಾಡಿ. ಕಾನೂನು ಸೇವಾ ಪ್ರಾಧಿಕಾರದವರು ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಬಿಟ್ಟಿ ವಕೀಲರನ್ನ ಕೊಡ್ತಾರೆ. 1987ರ ಕಾಯ್ದೆಯಲ್ಲೇ ಇದೆ. ತಾಲ್ಲೂಕು ಕೋರ್ಟಲ್ಲೂ ಅವರ ಸಮಿತಿ ಇರುತ್ತೆ.

ಉದ್ಯಮಬಾಗ_ಫೌಂಡ್ರಿ | 23 ಆಗಸ್ಟ್

ನಾ ಮಾಲಕರ ಕಡೆಯಿಂದ ಕೇಳಾಕತ್ತೀನ್ರಿ. ಬೆಳಗಾವಿ ಉದ್ಯಮಬಾಗದಾಗ ನಮ್ದು ಸಣ್ಣ ಫೌಂಡ್ರಿ, ಹದಿನೆಂಟು ಮಂದಿ ಅದಾರ. ಪಂಪ್ ಕಾಸ್ಟಿಂಗ್ ಆರ್ಡರ್ ಭಾಳ ಇಳದೈತಿ. ಇಬ್ಬರನ್ನ ಕಡಿಮಿ ಮಾಡೂದು ಅನಿವಾರ್ಯ ಆಗೇತಿ. ಇಲ್ಲಿ ಎಲ್ಲಾರೂ ಮಾಲಕ ಅಂದ್ರ ಮೋಸಗಾರ ಅನ್ನೂಹಂಗ ಮಾತಾಡಬ್ಯಾಡ್ರಿ. ನಮಗೂ ಮಂದಿನ್ನ ಕಳಸೂದು ಸಂಕಟದ ಮಾತ. ಕಾನೂನು ಪ್ರಕಾರ ಹೆಂಗ ಮಾಡೂದು, ಒಂದೀಟ ಬಿಡಿಸಿ ಹೇಳ್ರಿ ವಕೀಲ್ರ.

ವಕೀಲ_ತುಮಕೂರು | 23 ಆಗಸ್ಟ್

ನೀವು ತೆಗೆಯುವ ಮೊದಲು ಕೇಳಿದ್ದೀರಿ, ಅದಕ್ಕೆ ನಿಮ್ಮ ಬಗ್ಗೆ ಗೌರವ ಬಂತು. ನನ್ನ ಬಳಿ ಬರುವ ಮಾಲೀಕರಲ್ಲಿ ಬಹುತೇಕರು ಸಮನ್ಸ್ ಕೈಗೆ ಬಂದ ಮೇಲೆ ಬರುತ್ತಾರೆ.

ಯಾರನ್ನು ತೆಗೆಯಬೇಕು ಎಂಬುದು ಮೊದಲ ವಿಷಯ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು, ಅದು 25ಜಿ. ಮೋಲ್ಡರ್‌ಗಳಲ್ಲಿ ತೆಗೆಯುವುದಾದರೆ ಮೋಲ್ಡರ್‌ಗಳದ್ದೇ ಹಿರಿತನದ ಪಟ್ಟಿ ಮಾಡಿ. ಹಿರಿಯರೊಬ್ಬರನ್ನು ತೆಗೆದು ಕಿರಿಯರನ್ನು ಇಟ್ಟುಕೊಳ್ಳಬೇಕಾದರೆ ಕಾರಣ ಬರೆದಿಡಬೇಕು, ಆ ಕಾರಣ ಕೋರ್ಟಿನಲ್ಲಿ ನಿಲ್ಲುವಂಥದ್ದಾಗಿರಬೇಕು. "ಅವನು ಯೂನಿಯನ್ ಮಾತಾಡ್ತಾನೆ" ಎಂಬುದು ಕಾರಣವಲ್ಲ.

ಆಮೇಲೆ ಕಾರಣ ಬರೆದ ನೋಟಿಸ್, ನೋಟಿಸ್ ಸಂಬಳ ಮತ್ತು ಪರಿಹಾರ, ಇವು ಒಂದೇ ದಿನ ಕೈಗೆ ಸೇರಬೇಕು. ಬ್ಯಾಂಕ್ ಖಾತೆಗೆ ಹಾಕಿದರೆ ಇನ್ನೂ ಒಳ್ಳೆಯದು. ಸರ್ಕಾರಕ್ಕೂ ನೋಟಿಸ್ ಕಳಿಸಿ. ನಿಮ್ಮಲ್ಲಿ 100 ಜನ ಇಲ್ಲದ್ದರಿಂದ ಮುಂಚಿತ ಅನುಮತಿ ಬೇಕಿಲ್ಲ. ಐದು ವರ್ಷ ಮುಗಿಸಿದವರಿಗೆ ಗ್ರಾಚ್ಯುಟಿ ಪ್ರತ್ಯೇಕ. ಮತ್ತೆ ಆರ್ಡರ್ ಬಂದು ಜನ ಬೇಕಾದಾಗ ಇದೇ ಇಬ್ಬರಿಗೆ ಮೊದಲು ಕರೆ ಕೊಡಬೇಕು, ಅದು 25ಎಚ್.

ಇಷ್ಟೆಲ್ಲ ಯಾಕೆ ಎನಿಸಬಹುದು. ಇದರಲ್ಲಿ ಒಂದು ತಪ್ಪಿ ಕಾರ್ಮಿಕ ಕೇಸು ಗೆದ್ದರೆ, ನಾಲ್ಕೈದು ವರ್ಷದ ಹಿಂಬಾಕಿ ವೇತನದ ಜೊತೆ ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕಾಗಬಹುದು. 2013ರ ದೀಪಾಲಿ ಗುಂಡು ಸುರ್ವಾಸೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಪ್ಪಾಗಿ ತೆಗೆದಾಗ ಹಿಂಬಾಕಿ ವೇತನ ಕೊಡಿಸುವುದೇ ಸಾಮಾನ್ಯ ನಿಯಮ ಎಂದಿದೆ. ಹದಿನೆಂಟು ಜನರ ಫೌಂಡ್ರಿ ಆ ಹೊಡೆತ ತಡೆಯುವುದು ಕಷ್ಟ.

ಗ್ರಾಚ್ಯುಟಿಗೆ ವಿಮೆ ಮಾಡಿಸಿದ್ದೀರಾ? ಕರ್ನಾಟಕದಲ್ಲಿ 2024ರ ಜನವರಿಯ ನಿಯಮಗಳಿಂದ ಅದು ಕಡ್ಡಾಯ.

ಉದ್ಯಮಬಾಗ_ಫೌಂಡ್ರಿ | 24 ಆಗಸ್ಟ್

ವಿಮಾ ಮಾಡಿಸೇವ್ರಿ, ಎಲ್‌ಐಸಿ ಗುಂಪು ಗ್ರಾಚ್ಯುಟಿ. ವರ್ಷಾ ಕಂತು ಕಟ್ಟತೇವಿ, ಅದ ಆಧಾರ ಆಗೇತಿ ನಮಗ. ಸಣ್ಣ ಕಾರಖಾನಿ ನಡಸೋ ಎಲ್ಲಾರಿಗೂ ಹೇಳತೇನಿ, ಲಾಭ ಬಂದ ವರ್ಷ ಇದನ್ನ ಎತ್ತಿಡ್ರಿ. ಹಿರಿಮನಿಶಾ ನಿವೃತ್ತ ಆಗೂ ದಿನ ಹಣ ಹೊಂದಸ್ಲಿಕ್ಕೆ ಓಡಾಡೂದು ತಪ್ಪತೈತಿ. ಪಟ್ಟಿ ಇವತ್ತ ಬರಿತೇನ್ರಿ.

ಕುಡ್ಲ_ಮಾಸ್ಟ್ರು | 2 ಸೆಪ್ಟೆಂಬರ್

ವಿಷಯ ಸ್ವಲ್ಪ ಬೇರೆ, ಆದರೂ ಕೇಳ್ತೇನೆ. ನನ್ನ ಹೆಂಡತಿ ಇಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, ಹದಿನಾಲ್ಕು ವರ್ಷ ಆಯ್ತು. ಬಿಡುವ ಅಂತ ಇದ್ದಾಳೆ. "ಟೀಚರ್‌ಗಳು ಕಾರ್ಮಿಕರಲ್ಲ, ಗ್ರಾಚ್ಯುಟಿ ಇಲ್ಲ" ಅಂತ ಆಡಳಿತದವರು ಹೇಳ್ತಾರೆ ಮಾರಾಯ್ರೆ. ಹೌದಾ?

ವಕೀಲ_ತುಮಕೂರು | 2 ಸೆಪ್ಟೆಂಬರ್

ಮೊದಲರ್ಧ ನಿಜ, ಎರಡನೆಯದು ಸುಳ್ಳು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ನಮ್ಮ ಬೆಂಗಳೂರು ಜಲಮಂಡಳಿಯ 1978ರ ಪ್ರಸಿದ್ಧ ತೀರ್ಪಿನಿಂದಾಗಿ ಶಾಲೆ "ಕೈಗಾರಿಕೆ" ಆಗುತ್ತದೆ. ಹಾಗಾಗಿ ಅಲ್ಲಿನ ಬಸ್ ಚಾಲಕ, ಆಯಾ, ಜವಾನರಿಗೆ ಕಾರ್ಮಿಕ ನ್ಯಾಯಾಲಯ ಉಂಟು, ಟೀಚರ್‌ಗಿಲ್ಲ. ಅವರನ್ನು ವಜಾ ಮಾಡಿದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಂ 94ರ ಮೇಲ್ಮನವಿಯೇ ದಾರಿ, ಮೂರು ತಿಂಗಳೊಳಗೆ.

ಗ್ರಾಚ್ಯುಟಿ ಬೇರೆಯೇ ಕಾಯ್ದೆ. 2009ರ ತಿದ್ದುಪಡಿ ಶಿಕ್ಷಕರನ್ನು 3 ಏಪ್ರಿಲ್ 1997ರಿಂದ ಪೂರ್ವಾನ್ವಯವಾಗಿ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು, 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಅವರು ತಾವಾಗಿಯೇ ರಾಜೀನಾಮೆ ಕೊಟ್ಟರೂ ಹದಿನಾಲ್ಕು ವರ್ಷದ ಗ್ರಾಚ್ಯುಟಿ ಬರುತ್ತದೆ.

ಕುಡ್ಲ_ಮಾಸ್ಟ್ರು | 2 ಸೆಪ್ಟೆಂಬರ್

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದನ್ನು ಓದಿ ಹೇಳ್ಲಿಕ್ಕೆ ಹೇಳ್ತೇನೆ. ಉಪಕಾರ ಆಯ್ತು ಸರ್.

ಉದ್ಯಮಬಾಗ_ಫೌಂಡ್ರಿ | 25 ನವೆಂಬರ್

ವಕೀಲ್ರ, ನವೆಂಬರ್ 21ರಿಂದ ಹಳೇ ಕಾಯ್ದೆಗಳ ಬದ್ಲಿ ನಾಲ್ಕೂ ಹೊಸ ಕಾರ್ಮಿಕ ಸಂಹಿತೆ ಜಾರಿ ಆದೂವು. ಈಗ ಎಲ್ಲಾರಿಗೂ ಒಂದ ವರ್ಷಕ್ಕ ಗ್ರಾಚ್ಯುಟಿ ಅಂತ ವಾಟ್ಸಾಪ್‌ನ್ಯಾಗ ಹರದಾಡಾಕತ್ತೈತಿ. ನಮ್ಮ ಹುಡುಗ್ರೂ ಕೇಳಾಕತ್ತಾರ.

ವಕೀಲ_ತುಮಕೂರು | 25 ನವೆಂಬರ್

ಎಲ್ಲರಿಗೂ ಅಲ್ಲ. ಒಂದು ವರ್ಷದ ನಿಯಮ ನಿಗದಿತ ಅವಧಿಗೆ ನೇಮಕವಾದವರಿಗೆ ಮಾತ್ರ. ಕಾಯಂ ನೌಕರರಿಗೆ ಐದು ವರ್ಷವೇ. ನಿಮಗೆ ನಿಜವಾಗಿ ತಟ್ಟುವುದು ವೇತನದ ಹೊಸ ವ್ಯಾಖ್ಯೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಬೇಸಿಕ್ ಸಣ್ಣದಾಗಿಟ್ಟು ಭತ್ಯೆ ಉಬ್ಬಿಸಿದವರ ಗ್ರಾಚ್ಯುಟಿ ಹೊರೆ ಏರುತ್ತದೆ. ಕೆಲಸ ಬಿಟ್ಟವರ, ತೆಗೆದವರ ಬಾಕಿ ವೇತನ ಎರಡು ಕೆಲಸದ ದಿನದಲ್ಲಿ ಕೊಡಬೇಕು, ಈಗ ರಾಜೀನಾಮೆಗೂ ಅದೇ. ರಿಟ್ರೆಂಚ್ ಮಾಡಿದರೆ ಪರಿಹಾರದ ಜೊತೆಗೆ, ಕೆಲಸ ಕಳೆದುಕೊಂಡವರಿಗೆ ಹೊಸ ಕೌಶಲ ಕಲಿಯಲೆಂದಿರುವ ಮರುಕೌಶಲ ನಿಧಿಗೆ 15 ದಿನದ ವೇತನ ಕಟ್ಟಬೇಕು. ಕಾರ್ಮಿಕರು ಗಮನಿಸಬೇಕಾದದ್ದು: ವಜಾ ಪ್ರಶ್ನಿಸುವ ಕಾಲಮಿತಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಇದು ನನಗೆ ಸರಿ ಕಾಣುವುದಿಲ್ಲ. ತೀರಾ ಬಡವರೇ ತಡವಾಗಿ ಬರುವುದು.

ಪೀಣ್ಯದವರ ತಂದೆಯ ಹಕ್ಕು ಆಗಸ್ಟ್‌ನಲ್ಲೇ ಹುಟ್ಟಿದ್ದು, ಅದು ಹಳೆಯ ಕಾಯ್ದೆಗಳ ಪ್ರಕಾರವೇ ತೀರ್ಮಾನವಾಗಬೇಕು.

ಪೀಣ್ಯ_ಲೇತ್ | 20 ಡಿಸೆಂಬರ್

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕಾರ್ಮಿಕ ಅಧಿಕಾರಿ ಮುಂದೆ ಮಾಲೀಕರು ಶುರುವಿಗೆ ನೀವು ಹೇಳಿದ್ದೇ ಮಾತು ಹೇಳಿದ್ರು ಸರ್, "ಅವರೇ ಬರೋದು ಬಿಟ್ರು" ಅಂತ. ಅಪ್ಪ ಸ್ಪೀಡ್ ಪೋಸ್ಟ್ ರಸೀದಿ ತೆಗೆದು ಮೇಜಿನ ಮೇಲಿಟ್ರು. ಆಮೇಲೆ 2019 ಅಂದ್ರು, ಇಎಸ್‌ಐ ಕಾರ್ಡ್ ಇಟ್ರು. ಅಧಿಕಾರಿಗಳು ಹಾಜರಿ ಪುಸ್ತಕ ತನ್ನಿ ಅಂದ ಮೇಲೆ ಮಾತಿನ ಧಾಟಿನೇ ಬದಲಾಯ್ತು.

ಗ್ರಾಚ್ಯುಟಿ 1,15,500 ಪೂರ್ತಿ, ಪರಿಹಾರ ಮತ್ತು ನೋಟಿಸ್‌ಗೆ ಒಟ್ಟಾಗಿ 1,10,000. ಪೂರ್ತಿ ಸಿಗಲಿಲ್ಲ, ಆದ್ರೆ ಅಪ್ಪ ಯೋಚಿಸಿ ತಾವೇ ಒಪ್ಪಿದ್ರು. ಬೇರೆ ಕಡೆ ಲೇತ್ ಕೆಲಸ ಸಿಕ್ಕಿದೆ, ಓಡಾಟ ಸಾಕು ಅಂದ್ರು. ಒಪ್ಪಂದದಲ್ಲಿ "ಇನ್ನು ಯಾವ ಬಾಕಿಯೂ ಇಲ್ಲ" ಅಂತ ಬರೆಸೋಕೆ ಹೊರಟಿದ್ರು. 2014ರಿಂದ 2019ರ ಪಿಎಫ್ ಬಿಟ್ಟು ಅಂತ ಸೇರಿಸಿದರೆ ಮಾತ್ರ ಸಹಿ ಅಂತ ಅಪ್ಪ ಪಟ್ಟು ಹಿಡಿದ್ರು, ಸೇರಿಸಿದ್ರು. ಗ್ರಾಚ್ಯುಟಿ ಚೆಕ್ ಜಮಾ ಆಗಿದೆ. ಎರಡನೇ ಚೆಕ್ ಜನವರಿ 31ರ ತಾರೀಕಿಂದು. ಅದು ಬೌನ್ಸ್ ಆದ್ರೆ? ಪಿಎಫ್‌ಗೆ ಎಲ್ಲಿಗೆ ಹೋಗೋದು?

ಎಚ್ಆರ್_ಅನುಭವ | 20 ಡಿಸೆಂಬರ್

ತುಂಬಾ ಸಂತೋಷ ಆಯ್ತು. ಅಧಿಕಾರಿ ಮುಂದೆ ಹೋಗಿದ್ದರಿಂದಲೇ ಇದು ಇಷ್ಟು ಬೇಗ ಮುಗೀತು, ಒಪ್ತೀನಿ.

ವಕೀಲ_ತುಮಕೂರು | 21 ಡಿಸೆಂಬರ್

ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಪಿಎಫ್ ಸಾಲನ್ನು ಸೇರಿಸಿದರೆ ಮಾತ್ರ ಸಹಿ ಎಂದದ್ದು ದೊಡ್ಡ ಕೆಲಸ.

ಚೆಕ್ ಮರಳಿದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಮಾಲೀಕರಿಗೆ ಲಿಖಿತ ನೋಟಿಸ್ ಹೋಗಬೇಕು. ಅದು ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ಕಲಂ 138ರ ಚೆಕ್ ಬೌನ್ಸ್ ದೂರು ದಾಖಲಿಸಬೇಕು. ಈ ದಿನಗಳನ್ನು ತಪ್ಪಿಸಬೇಡಿ. ಅದರ ಜೊತೆಗೆ ಒಪ್ಪಂದದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲೂ ಅರ್ಜಿ ಹಾಕಬಹುದು.

ಪಿಎಫ್‌ಗೆ ಭವಿಷ್ಯನಿಧಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಇಎಸ್‌ಐ ಕಾರ್ಡಿನ ಪ್ರತಿ ಲಗತ್ತಿಸಿ, 7ಎ ವಿಚಾರಣೆ (ಮಾಲೀಕರ ಪಿಎಫ್ ಬಾಕಿ ಎಷ್ಟೆಂದು ತೀರ್ಮಾನಿಸುವ ವಿಚಾರಣೆ) ನಡೆಸಿ ಎಂದು ಸ್ಪಷ್ಟವಾಗಿ ಬರೆಯಿರಿ. ಆಗ ವೇತನ 15 ಸಾವಿರದ ಮಿತಿಯೊಳಗಿತ್ತು, ಸದಸ್ಯತ್ವ ಕಡ್ಡಾಯವಾಗಿತ್ತು. ಆ ಐದು ವರ್ಷದ ಎರಡೂ ಪಾಲು ಮಾಲೀಕರೇ ಕಟ್ಟಬೇಕಾಗುತ್ತದೆ. ಹಳೆಯ ಬಾಕಿಯನ್ನು ಕಾರ್ಮಿಕನಿಂದ ಮುರಿದುಕೊಳ್ಳುವಂತಿಲ್ಲ. ತಡವಾದದ್ದಕ್ಕೆ ವರ್ಷಕ್ಕೆ 12% ಬಡ್ಡಿಯೂ ಅವರ ಮೇಲೆಯೇ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಿಮ್ಮ ತಂದೆಗೆ ಈ ಐದು ವರ್ಷ ಸೇರಿದರೆ ಅದು ಈಗಲೇ ತುಂಬುತ್ತದೆ. ಹಾಗಾಗಿ ಈ ದೂರನ್ನು ಜನವರಿಗೆ ತಳ್ಳಬೇಡಿ, ಈ ವಾರವೇ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹೊಸ ಕಡೆ ಸೇರುವಾಗ ಅದೇ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಕೊಡಲಿ.